ಮಗ್ಗುಲು ಬದಲಿಸುವ ಕೈಗಳ ಲೆಕ್ಕ

ಹುಬ್ಬಳ್ಳಿಯ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಹೆಸರು ಕಡತಗಳಲ್ಲಿ ಈಗ ಬದಲಾಗಿದೆ. ಜನರ ಬಾಯಲ್ಲಿ ಅದು ಇವತ್ತಿಗೂ ಕಿಮ್ಸ್. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದ ಈ ಸಂಸ್ಥೆಗೆ ಧಾರವಾಡ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಗಳಿಂದ ರೋಗಿಗಳು ಬರುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗುತ್ತಿರುವ ಉತ್ತರ ಕನ್ನಡದವರೂ ಘಟ್ಟ ಹತ್ತಿ ಇಲ್ಲಿಗೇ ಬರುತ್ತಾರೆ. ಬಹುಕಾಲ ದ್ವಿಪಥವಾಗಿಯೇ ಉಳಿದು ಎಷ್ಟೋ ಜೀವ ತೆಗೆದುಕೊಂಡ ಹುಬ್ಬಳ್ಳಿ-ಧಾರವಾಡ ಬೈಪಾಸಿನಂಥ ರಸ್ತೆಗಳಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು, ಶಿರಸಿ-ಯಲ್ಲಾಪುರದ ಕಡೆ ಅಡಿಕೆ ಮರದಿಂದ ಬಿದ್ದವರು, ಲಕ್ವಾ ಹೊಡೆದು ಒಂದು ಪಕ್ಕ ಬಿದ್ದುಹೋದವರು, ಬಚ್ಚಲಲ್ಲಿ ಜಾರಿ ಚಪ್ಪೆ ಎಲುಬು ಮುರಿದುಕೊಂಡ ಮುದುಕಿಯರು, ಇಂಥವರೆಲ್ಲ ಅವಳಿ ನಗರದ ಆಸ್ಪತ್ರೆಗಳಲ್ಲಿ, ಸರ್ಕಾರಿ ಇರಲಿ ಖಾಸಗಿ ಇರಲಿ, ವಾರಗಟ್ಟಲೆ ಮಲಗಿರುತ್ತಾರೆ. ಅವರ ರೋಗ ಬೇರೆ ಬೇರೆ, ನೋಡುವ ಡಾಕ್ಟರು ಬೇರೆ ಬೇರೆ. ಆದರೆ ನಾವು ನಿದ್ದೆಯಲ್ಲಿ ನಮಗೇ ಗೊತ್ತಿಲ್ಲದೆ ಮಾಡುವ ಒಂದು ಕೆಲಸ ಇವರ ಕೈಲಿ ಆಗುವುದಿಲ್ಲ. ಮಗ್ಗುಲು ಬದಲಿಸಲು ಇವರಿಗೆ ಇನ್ನೊಬ್ಬರ ಕೈ ಬೇಕು.

ಆ ಕೈ ಬಾರದಿದ್ದಾಗ ಏನಾಗುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಚರ್ಮ-ಮಾಂಸದೊಳಗಿನ ಸಣ್ಣ ರಕ್ತನಾಳಗಳು ಭಾರಕ್ಕೆ ಮುಚ್ಚಿಕೊಳ್ಳುತ್ತವೆ. ಬೆರಳ ಉಗುರಿನ ಬುಡದ ಸೂಕ್ಷ್ಮ ನಾಳಗಳಲ್ಲಿ ರಕ್ತದ ಒತ್ತಡ ಎಷ್ಟಿರುತ್ತದೆಂದು 1930ರಲ್ಲಿ ಶರೀರಶಾಸ್ತ್ರಜ್ಞ ಲ್ಯಾಂಡಿಸ್ ಅಳೆದಾಗ ಸಿಕ್ಕಿದ್ದು ಪಾದರಸದ ಸುಮಾರು 32 ಮಿಲಿಮೀಟರ್ ಮಾತ್ರ. ಗಟ್ಟಿ ಹಾಸಿಗೆಯ ಮೇಲೆ ಅಲುಗಾಡದೆ ಬಿದ್ದ ದೇಹದ ಬೆನ್ನಿನ ಬುಡದ ಮೇಲೆ ಬೀಳುವ ಒತ್ತಡ ಅದನ್ನು ಸುಲಭವಾಗಿ ಮೀರುತ್ತದೆ. ರಕ್ತ ಹರಿಯದ ಮಾಂಸ ಕೆಲವು ಗಂಟೆಗಳಲ್ಲೇ ಸಾಯತೊಡಗುತ್ತದೆ. ಅದು ಸಾಯುವುದು ಒಳಗಿನಿಂದ, ಎಲುಬಿನ ಹತ್ತಿರದಿಂದ. ಮೇಲೆ ರೂಪಾಯಿಯಷ್ಟು ಕಲೆ ಕಾಣುವ ಹೊತ್ತಿಗೆ ಕೆಳಗೆ ಅಂಗೈಯಷ್ಟು ಕೊಳೆತಿರಬಹುದು. ಮೊದಲ ಹಂತದ ಗುರುತು ಒತ್ತಿದರೂ ಬಿಳಿಚಿಕೊಳ್ಳದ ಕೆಂಪು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಬಿಳಿ ಮೈಬಣ್ಣದವರನ್ನು ಮುಂದಿಟ್ಟುಕೊಂಡು ಬರೆದ ಮಾತು. ನಮ್ಮವರ ಕಪ್ಪು, ಗೋಧಿ ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಕಷ್ಟ. ಕೈಯಿಟ್ಟು ನೋಡಬೇಕು, ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ದೂರದಿಂದ ಕಣ್ಣಾಡಿಸಿ ಮುಂದೆ ಹೋಗುವ ರೌಂಡ್ಸಿನಲ್ಲಿ ಇದು ಸಿಗುವುದಿಲ್ಲ. ಹುಣ್ಣು ಆಳವಾದ ಮೇಲೆ ಸೋಂಕು, ಜ್ವರ, ತಿಂಗಳುಗಟ್ಟಲೆ ಡ್ರೆಸ್ಸಿಂಗ್, ಕೆಲವರಿಗೆ ಬೇರೆಡೆಯ ಮಾಂಸ-ಚರ್ಮ ತಂದು ಮುಚ್ಚುವ ಆಪರೇಶನ್, ಇನ್ನು ಕೆಲವರಿಗೆ ಸಾವು. ಮೂಲ ರೋಗ ವಾಸಿಯಾಗಿದ್ದರೂ ಸಾವು.

ಹುಣ್ಣು ಕಣ್ಣಿಗೆ ಕಾಣುವ ಹಾನಿ, ಅಷ್ಟೆ. ಅಲುಗದೆ ಮಲಗಿದವರ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕೀಲುಗಳು ಬಿಗಿಯುತ್ತವೆ, ಪಾದ ಕೆಳಮುಖವಾಗಿ ಜೋತುಬೀಳುತ್ತದೆ. ರಿಚರ್ಡ್ ಆಶರ್ ಎಂಬ ಇಂಗ್ಲೆಂಡಿನ ವೈದ್ಯರು ಹಾಸಿಗೆಯ ಅಪಾಯಗಳನ್ನು ಪಟ್ಟಿ ಮಾಡಿ ಲೇಖನ ಬರೆದದ್ದು 1947ರಲ್ಲಿ. ಆರೋಗ್ಯವಂತ ವೃದ್ಧರನ್ನು ಬರೀ 10 ದಿನ ಮಲಗಿಸಿಟ್ಟು ನೋಡಿದ 2007ರ ಅಧ್ಯಯನವೊಂದರಲ್ಲಿ ಅವರ ಕಾಲುಗಳಲ್ಲೇ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. ಮಲಗಿಸಿಡುವುದೆಂದರೆ ವಿಶ್ರಾಂತಿ ಕೊಡುವುದು ಎಂಬ ನಮ್ಮ ಮನೆಮನೆಯ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ವಾರ್ಡುಗಳಲ್ಲಿ ಮಗ್ಗುಲು ಬದಲಿಸುವ ಕೆಲಸ ಯಾರದು? ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ, ಸಲೈನ್ ಎಷ್ಟು ಹನಿ, ಬಿಪಿ ಎಷ್ಟು ಸಲ ನೋಡಬೇಕು, ಎಲ್ಲವೂ ಕೇಸ್ ಶೀಟಿನಲ್ಲಿ ಬರೆದಿರುತ್ತದೆ. ಕೊಟ್ಟವರ ಸಹಿಯೂ ಇರುತ್ತದೆ. ಹೊರಳಿಸುವ ವಿಷಯ ಬಂದಾಗ ಮಾತ್ರ ಸಾಮಾನ್ಯವಾಗಿ ಬಾಯಿಮಾತಿನ ಸೂಚನೆ, ಅದೂ ಪೇಶಂಟ್ ಕಡೆಯವರಿಗೆ. ಆಗಾಗ ಮಗ್ಗಲಾ ಬದಲಿಸ್ರಿ ಎಂದರೆ ಮುಗಿಯಿತು. ಆಗಾಗ ಎಂದರೆ ಎಷ್ಟು ಹೊತ್ತಿಗೊಮ್ಮೆ, ಹೇಗೆ, ರಾತ್ರಿ ಮೂರು ಗಂಟೆಗೆ ಯಾರು, ಒಂದು ಸಲ ತಪ್ಪಿದರೆ ಹೇಳುವುದು ಯಾರಿಗೆ, ಇವುಗಳಿಗೆ ಉತ್ತರ ಎಲ್ಲೂ ಬರೆದಿರುವುದಿಲ್ಲ. ಈ ಲೇಖನದ ವಾದ ಇಷ್ಟೇ: ಹೊರಳಿಸುವುದು ಉಪಚಾರವಲ್ಲ, ಚಿಕಿತ್ಸೆ. ಔಷಧಿಯಂತೆ ಅದನ್ನೂ ಬರೆದುಕೊಡಬೇಕು, ಅದಕ್ಕೆ ಹೊಣೆಗಾರರಿರಬೇಕು, ಅದಕ್ಕೆ ಬೇಕಾದ ಕೈಗಳನ್ನು ಲೆಕ್ಕ ಹಾಕಿ ನೇಮಿಸಬೇಕು. ಬಂಧುಗಳ ಪ್ರೀತಿ ಎಷ್ಟೇ ದೊಡ್ಡದಿರಲಿ, ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ಅದನ್ನು ಸಿಬ್ಬಂದಿಯೆಂದು ಬರೆದುಕೊಳ್ಳುವಂತಿಲ್ಲ.

ಮೊದಲ ಆಕ್ಷೇಪ ಬಹಳ ಹಳೆಯದು. ಬೆನ್ನುಹುರಿ ಹೋದವರಿಗೆ, ಲಕ್ವಾ ಹೊಡೆದವರಿಗೆ ಹುಣ್ಣು ಆಗಿಯೇ ಆಗುತ್ತದೆ, ಯಾರೇನು ಮಾಡಿಯಾರು ಎಂಬುದು. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ನರರೋಗಶಾಸ್ತ್ರದ ಮೇರುವಾಗಿದ್ದ ಶಾರ್ಕೋ ಹೆಚ್ಚುಕಡಿಮೆ ಇದನ್ನೇ ಕಲಿಸಿದರು: ನರ ಕೆಟ್ಟರೆ ಚರ್ಮ ತಾನಾಗಿ ಕೊಳೆಯುತ್ತದೆ, ಹುಣ್ಣು ಸಾವಿನ ಮುನ್ಸೂಚನೆ. ಅದೇ ಕಾಲದ ಬ್ರೌನ್-ಸೆಕಾರ್ ಬೆನ್ನುಹುರಿ ಕತ್ತರಿಸಿದ ಗಿನಿಹಂದಿಗಳನ್ನು ಒತ್ತಡ ಬೀಳದಂತೆ, ಮಲಮೂತ್ರ ಮೆತ್ತದಂತೆ ನೋಡಿಕೊಂಡು, ಹುಣ್ಣಾಗುವುದಿಲ್ಲ ಎಂದು ತೋರಿಸಿದ್ದರು. ಆದರೆ ಶಾರ್ಕೋ ಹೆಸರು ದೊಡ್ಡದು. ದಶಕಗಳ ಕಾಲ ವೈದ್ಯರು ಕೈಚೆಲ್ಲಿ ಕುಳಿತರು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಬಹುಪಾಲು ಜನ ಗುಂಡಿನಿಂದ ಸಾಯಲಿಲ್ಲ, ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸತ್ತರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಗಾಯಾಳುಗಳ ವಾರ್ಡು ತೆರೆದರು. ಪ್ರತಿ ರೋಗಿಯನ್ನೂ ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ ಹೊರಳಿಸುವುದು ಅಲ್ಲಿ ಕಟ್ಟುನಿಟ್ಟು. ಆಗಿದೆಯೇ ಎಂದು ನೋಡಲು ಅವರು ರಾತ್ರಿಯೂ ವಾರ್ಡಿಗೆ ಬರುತ್ತಿದ್ದರು. ರೋಗಿಗಳು ಬದುಕಿದರು, ಎದ್ದು ಕುಳಿತರು, ಬಿಲ್ಲು ಹಿಡಿದರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ನಡೆದ ಗಾಲಿಕುರ್ಚಿ ಆಟಗಳು ಮುಂದೆ ಪ್ಯಾರಾಲಿಂಪಿಕ್ಸ್ ಆದವು. ಆ ಕ್ರೀಡಾಕೂಟದ ಇತಿಹಾಸ ಬರೆಯುವವರು ಪದಕಗಳಿಂದ ಶುರುಮಾಡುತ್ತಾರೆ. ಅದಕ್ಕೂ ಮೊದಲು ಅಲ್ಲಿ ರಾತ್ರಿಪಾಳಿಯವರ ಎರಡು ಗಂಟೆಯ ಗಡಿಯಾರವಿತ್ತು.

ಇಂಗ್ಲೆಂಡಿನ ಉದಾಹರಣೆ ನಮಗೆ ಯಾಕೆ ಎನ್ನುವವರಿಗೆ ನಮ್ಮ ನೆಲದ ಹೆಣ್ಣುಮಗಳೊಬ್ಬಳ ಪ್ರಕರಣವಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ ಅಲ್ಲಿಯ ನೌಕರನೊಬ್ಬ ನಡೆಸಿದ ಕ್ರೂರ ದಾಳಿಯಲ್ಲಿ ಆಕೆಯ ಮೆದುಳಿಗೆ ರಕ್ತ ನಿಂತುಹೋಯಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಮಿಕ್ಕಿ, ಆಕೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಬಂಧುಗಳು ದೂರವಾದರು; ಕೆಇಎಂನ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ತೊಳೆದರು, ಉಣಿಸಿದರು, ಹೊರಳಿಸಿದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಇಷ್ಟು ವರ್ಷ ಹಾಸಿಗೆಯಲ್ಲಿದ್ದರೂ ಆಕೆಗೆ ಬೆಡ್‌ಸೋರ್ ಆಗಿಲ್ಲ ಎಂದು ಆಸ್ಪತ್ರೆ ಹೇಳಿತು. 2011ರ ಮಾರ್ಚ್ 7ರ ತೀರ್ಪು ಆ ದಾದಿಯರ ಸೇವೆಯನ್ನು ಮನಸಾರೆ ಕೊಂಡಾಡಿತು. ದೇಶ ಆ ತೀರ್ಪನ್ನು ಸಾವಿನ ಹಕ್ಕಿನ ತೀರ್ಪೆಂದು ಓದಿತು, ಚರ್ಚಿಸಿತು. ಆಸ್ಪತ್ರೆ ನಡೆಸುವವರು ಅದನ್ನು ಶುಶ್ರೂಷೆಯ ದಾಖಲೆಯಾಗಿಯೂ ಓದಬೇಕಿತ್ತು. ಒಂದು ಸಾರ್ವಜನಿಕ ಆಸ್ಪತ್ರೆ, ನಮ್ಮದೇ ಹವಾಮಾನ, ನಮ್ಮದೇ ಬಡತನ, ದಶಕಗಳ ಅವಧಿ, ಆದರೂ ಚರ್ಮ ಉಳಿಯಿತು. ಆ ಆರೈಕೆ ಎಲ್ಲದರಲ್ಲೂ ಪೂರ್ಣವಾಗಿತ್ತು ಎನ್ನುವಂತಿಲ್ಲ. ಆಕೆಯ ಕೈಬೆರಳು, ಮಣಿಕಟ್ಟು, ಮೊಣಕಾಲುಗಳು ಬಿಗಿದು ಮಡಚಿಕೊಂಡಿದ್ದನ್ನು ಕೋರ್ಟು ಕಳಿಸಿದ ವೈದ್ಯರ ತಂಡ ಗುರುತಿಸಿತು. ಕೀಲುಗಳನ್ನು ದಿನವೂ ಆಡಿಸುವುದು ಇನ್ನೊಂದು ಕೆಲಸ, ಅದಕ್ಕೆ ಇನ್ನಷ್ಟು ಕೈ ಬೇಕು.

ಅದು ಒಬ್ಬ ರೋಗಿ, ಅದೂ ಅವರದೇ ಸಹೋದ್ಯೋಗಿ, ಅಂಥ ನಿಷ್ಠೆಯನ್ನು ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ನಿರೀಕ್ಷಿಸಬಹುದೇ ಎಂದು ಕೇಳಿದರೆ, ನಿರೀಕ್ಷಿಸಬಾರದು ಎಂಬುದೇ ನನ್ನ ಉತ್ತರ. ಹುಣ್ಣಾದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಶುಶ್ರೂಷೆಯದು ಎಂಬರ್ಥದ ಮಾತನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಆ ಮಾತು ನಿಜ, ಆದರೆ ಅದನ್ನು ಹಿಡಿದು ಪಾಳಿಯಲ್ಲಿದ್ದ ಸಿಸ್ಟರನ್ನು ಗದರಿಸುವುದು ಅನ್ಯಾಯ. ಬೋಧನಾ ಆಸ್ಪತ್ರೆಗಳಲ್ಲಿ ಮೂರು ರೋಗಿಗಳಿಗೆ, ಉಳಿದೆಡೆ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ. ರಾತ್ರಿಪಾಳಿಯ ಸರ್ಕಾರಿ ವಾರ್ಡು ಕಂಡ ಯಾರಿಗಾದರೂ ಆ ಅಂಕಿ ಎಷ್ಟು ದೂರದ್ದೆಂದು ಗೊತ್ತು. ಕೈ ಸಾಲದಿದ್ದಾಗ ಯಾವ ಕೆಲಸ ಮೊದಲು ಬಿಟ್ಟುಹೋಗುತ್ತದೆ ಎಂದು ಅಮೆರಿಕದ ಬಿಯಾಟ್ರಿಸ್ ಕಾಲಿಶ್ 2006ರಲ್ಲಿ ನರ್ಸುಗಳನ್ನೇ ಕೇಳಿ ದಾಖಲಿಸಿದರು. ಅವರು ಕೊಟ್ಟ ಒಂಬತ್ತು ಉತ್ತರಗಳಲ್ಲಿ ಎಬ್ಬಿಸಿ ನಡೆಸುವುದೂ ಹೊರಳಿಸುವುದೂ ಇದ್ದವು. ಅಚ್ಚರಿಯೇನಿಲ್ಲ. ಇಂಜೆಕ್ಷನ್ ತಪ್ಪಿದರೆ ಸಹಿಯ ಜಾಗ ಖಾಲಿ ಉಳಿಯುತ್ತದೆ, ನಾಳೆ ಪ್ರಶ್ನೆ ಬರುತ್ತದೆ. ಮಗ್ಗುಲು ತಪ್ಪಿದರೆ ಖಾಲಿ ಉಳಿಯಲು ಜಾಗವೇ ಇಲ್ಲ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿದ ಲಿಂಡಾ ಏಕೆನ್ ತಂಡ 2002ರಲ್ಲಿ ತೋರಿಸಿದಂತೆ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಪರೇಶನ್ ಆದವರು ಒಂದು ತಿಂಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ.

ಹಾಗಾದರೆ ಎಷ್ಟು ಕೈ ಬೇಕು? ಲೆಕ್ಕ ಹಾಕಿಯೇ ನೋಡೋಣ. 30 ಹಾಸಿಗೆಯ ವಾರ್ಡಿನಲ್ಲಿ ತಾವಾಗಿ ಹೊರಳಲಾರದವರು ಆರು ಜನ ಎಂದಿಟ್ಟುಕೊಳ್ಳಿ. ಒಬ್ಬರನ್ನು ಹೊರಳಿಸಿ, ಬೆನ್ನು-ಹಿಮ್ಮಡಿ ಮುಟ್ಟಿ ನೋಡಿ, ಒದ್ದೆ ಒರೆಸಿ, ಹಾಸು ಸುಕ್ಕಿಲ್ಲದಂತೆ ಎಳೆದು, ದಿಂಬು ಕೊಡಲು ಹತ್ತು ನಿಮಿಷ, ಇಬ್ಬರ ಕೈ. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ 72 ಸಲ, ಒಟ್ಟು 24 ಗಂಟೆಯ ದುಡಿಮೆ. ಪ್ರತಿ ಪಾಳಿಯಲ್ಲೂ ಒಬ್ಬರು ಬೇರೇನೂ ಮಾಡದೆ ಇದನ್ನೇ ಮಾಡಿದಷ್ಟು. ಇಷ್ಟು ಜನರನ್ನು ಎಲ್ಲಿಂದ ತರುವುದು ಎಂದು ಅಧಿಕಾರಿಗಳು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಎರಡು ಗಂಟೆ ಎಂಬ ಅಂಕಿ ಗುಟ್‌ಮನ್ ಕಾಲದ ಹಾಸಿಗೆಗೆ ಸೇರಿದ್ದು. ಅಮೆರಿಕ ಮತ್ತು ಕೆನಡಾದ 27 ನರ್ಸಿಂಗ್ ಹೋಂಗಳ 942 ವೃದ್ಧರನ್ನು ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆಯ ಮೇಲೆ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿ ನೋಡಿದ 2013ರ ಅಧ್ಯಯನದಲ್ಲಿ ಮೂರು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಬೆಲ್ಜಿಯಂನಲ್ಲಿ 2005ರಲ್ಲೇ, ಒಳ್ಳೆಯ ಫೋಮಿನ ಮೇಲೆ ನಾಲ್ಕು ಗಂಟೆಗೊಮ್ಮೆ ಹೊರಳಿಸುವುದು ಮಾಮೂಲಿ ಹಾಸಿಗೆಯ ಮೇಲಿನ ಎರಡು ಗಂಟೆಗಿಂತ ಮೇಲು ಎಂದು ಕಂಡಿತ್ತು. ಅಂದರೆ ಒಳ್ಳೆಯ ಹಾಸಿಗೆ ಕೊಂಡರೆ ಅದೇ ವಾರ್ಡಿನ 24 ಗಂಟೆಯ ದುಡಿಮೆ 12ಕ್ಕೆ ಇಳಿಯಬಹುದು. ಐರ್ಲೆಂಡಿನ 2011ರ ಅಧ್ಯಯನವೊಂದರಲ್ಲಿ, ಪೂರ್ತಿ ಪಕ್ಕಕ್ಕೆ ತಿರುಗಿಸದೆ 30 ಡಿಗ್ರಿಯಷ್ಟು ವಾಲಿಸಿ ರಾತ್ರಿ ಮೂರು ಗಂಟೆಗೊಮ್ಮೆ ಬದಲಿಸಿದವರಲ್ಲಿ ಶೇ 3 ಮಂದಿಗೆ ಹುಣ್ಣಾದರೆ, ಆರು ಗಂಟೆಗೊಮ್ಮೆಯ ರೂಢಿಯಲ್ಲಿದ್ದವರಲ್ಲಿ ಶೇ 11 ಮಂದಿಗೆ ಆಯಿತು. ಹಾಸಿಗೆ ಕೈಗಳಿಗೆ ಬದಲಿಯಲ್ಲ, ಕೈಗಳ ದುಡಿಮೆಯನ್ನು ಉಳಿಸುವ ಸಾಧನ. ಇದನ್ನು ಮರೆತು ಏರ್‌ಬೆಡ್ ಹಾಕಿಸಿದ್ದೇವೆ, ಇನ್ನು ಹೊರಳಿಸುವುದು ಬೇಡ ಎಂದುಕೊಂಡವರ ಹಿಮ್ಮಡಿಗಳಲ್ಲಿ ಹುಣ್ಣು ಕಾಣುತ್ತದೆ. ಸ್ಪಿರಿಟ್ ಉಜ್ಜಿ ಪೌಡರ್ ಹಾಕುವುದು, ಕೆಂಪಾದ ಜಾಗವನ್ನೇ ತಿಕ್ಕುವುದು, ಗಾಳಿ ತುಂಬಿದ ರಿಂಗಿನ ಮೇಲೆ ಕೂರಿಸುವುದು, ಇವೆಲ್ಲ ಈಗ ಬೇಡವೆಂದು ಬಿಟ್ಟ ಪದ್ಧತಿಗಳು. ನಮ್ಮಲ್ಲಿ ಇನ್ನೂ ಉಳಿದಿವೆ.

ಎಲ್ಲರಿಗೂ ಇಷ್ಟು ಬೇಕಿಲ್ಲ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಬೇಕು. ಯಾರಿಗೆ ಬೇಕು ಎಂದು ಗುರುತಿಸಲು ಲಂಡನ್ನಿನ ಡೊರೀನ್ ನಾರ್ಟನ್ ಎಂಬ ನರ್ಸ್ ತಮ್ಮ ಸಹೋದ್ಯೋಗಿಗಳೊಡನೆ 1962ರಲ್ಲೇ ಸರಳ ದಾರಿ ತೋರಿಸಿದರು: ದೇಹಸ್ಥಿತಿ, ಎಚ್ಚರ, ನಡೆದಾಟ, ಹೊರಳಾಟ, ಮಲಮೂತ್ರದ ಹಿಡಿತ, ಈ ಐದಕ್ಕೆ ಒಂದರಿಂದ ನಾಲ್ಕು ಅಂಕ. ಒಟ್ಟು 14 ಅಥವಾ ಅದಕ್ಕೂ ಕಡಿಮೆ ಬಂದವರಿಗೆ ಅಪಾಯ. ಇದಕ್ಕೆ ಯಂತ್ರ ಬೇಡ, ಲ್ಯಾಬ್ ಬೇಡ, ಭರ್ತಿಯಾದ ದಿನ ಐದು ನಿಮಿಷ ಸಾಕು. ಹೊಸ ಮಾಪನಗಳೂ ಬಂದಿವೆ, 1987ರ ಬ್ರೇಡನ್ ಮಾಪನ ಹೆಚ್ಚು ಬಳಕೆಯಲ್ಲಿದೆ. ಯಾವುದಾದರೂ ಸರಿ, ಕೇಸ್ ಶೀಟಿನ ಮೊದಲ ಪುಟದಲ್ಲಿ ಇರಬೇಕು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಮನೆಮಂದಿಯ ಕುರಿತದ್ದು. ನಮ್ಮದು ಕುಟುಂಬ ಕೈಬಿಡದ ಸಮಾಜ. ಮಗ, ಸೊಸೆ, ಹೆಂಡತಿ ಪಕ್ಕದಲ್ಲೇ ಇರುತ್ತಾರೆ, ಅವರಷ್ಟು ಅಕ್ಕರೆಯಿಂದ ಸಂಬಳದವರು ಮಾಡಿಯಾರೇ ಎನ್ನುತ್ತಾರೆ. ಅಕ್ಕರೆಯ ಬಗ್ಗೆ ಸಂಶಯವಿಲ್ಲ. ಆದರೆ ಪ್ರಜ್ಞೆಯಿಲ್ಲದ, ನಿಶ್ಶಕ್ತ ದೇಹವನ್ನು ಒಬ್ಬರೇ ಹೊರಳಿಸುವುದೆಂದರೆ ಎಳೆದು ತಿರುಗಿಸುವುದು. ಹಾಗೆ ಎಳೆದಾಗ ಚರ್ಮ ಹಾಸಿಗೆಗೆ ಅಂಟಿ, ಒಳಗಿನ ಎಲುಬು ಸರಿದು, ನಡುವಿನ ಮಾಂಸ ಹರಿಯುತ್ತದೆ. ಅಡ್ಡಹಾಸು ಹಿಡಿದು ಇಬ್ಬರು ಎತ್ತಬೇಕು. ಪಾಸ್ ಒಬ್ಬರಿಗೆ ಮಾತ್ರ ಎನ್ನುವ ವಾರ್ಡಿನಲ್ಲಿ ಆ ಇನ್ನೊಬ್ಬರು ಯಾರು? ಮಂಚದ ಪಕ್ಕದ ನೆಲದ ಮೇಲೆ ಮಲಗಿ ನಾಲ್ಕನೇ ರಾತ್ರಿ ಕಳೆಯುತ್ತಿರುವ ಸೊಸೆಗೆ ಎರಡು ಗಂಟೆಗೊಮ್ಮೆ ಎಚ್ಚರವಾಗದಿದ್ದರೆ ಅದು ಅವಳ ತಪ್ಪೇ? ಕೂಲಿ ಬಿಟ್ಟು ಬಂದ ಮಗ ಎಷ್ಟು ದಿನ ಬಿಟ್ಟಾನು? ಯಾರೂ ಇಲ್ಲದೆ ಆಂಬುಲೆನ್ಸಿನಲ್ಲಿ ಬಂದವರಿಗೆ ಯಾರು? ಕುಟುಂಬವೇ ಸಿಬ್ಬಂದಿ ಎಂದುಕೊಂಡ ಆಸ್ಪತ್ರೆಯಲ್ಲಿ ಕುಟುಂಬ ಎಷ್ಟು ಬಡವೋ ರೋಗಿಯ ಚರ್ಮಕ್ಕೆ ಅಷ್ಟು ಅಪಾಯ. ಸಾರ್ವಜನಿಕ ಆಸ್ಪತ್ರೆ ಇರುವುದೇ ಇಂಥ ವ್ಯತ್ಯಾಸ ಅಳಿಸಲು.

ಮನೆಮಂದಿಗೆ ತರಬೇತಿ ಕೊಟ್ಟರೆ ಸಾಕೇ ಎಂಬುದನ್ನು ಭಾರತದಲ್ಲೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಗಿದೆ. 14 ಆಸ್ಪತ್ರೆಗಳ 1,250 ಲಕ್ವಾ ರೋಗಿಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ‘ಅಟೆಂಡ್’ ಅಧ್ಯಯನದಲ್ಲಿ ಅರ್ಧ ರೋಗಿಗಳ ಮನೆಯವರಿಗೆ ಪುನಶ್ಚೇತನದ ಕ್ರಮ ಕಲಿಸಲಾಯಿತು. ಆರು ತಿಂಗಳ ನಂತರ ಸತ್ತವರು ಮತ್ತು ಪರರನ್ನು ಅವಲಂಬಿಸಿದವರು ಎರಡೂ ಗುಂಪಿನಲ್ಲಿ ಶೇ 47. ಆ ಅಧ್ಯಯನ ಅಳೆದದ್ದು ಚೇತರಿಕೆಯನ್ನು, ಹುಣ್ಣನ್ನಲ್ಲ. ಹಾಗಾಗಿ ಕಲಿಸುವುದೇ ವ್ಯರ್ಥ ಎಂದು ಅದರಿಂದ ತೀರ್ಮಾನಿಸಲಾಗದು. ನುರಿತವರ ಕೆಲಸವನ್ನು ಮನೆಯವರ ಹೆಗಲಿಗೆ ದಾಟಿಸಿದರೆ ಫಲವೂ ದಾಟಿ ಬರುತ್ತದೆ ಎಂಬ ನಂಬಿಕೆಗೆ ಮಾತ್ರ ಅದು ತಡೆ ಹಾಕುತ್ತದೆ. ಕಲಿಸಲೇಬೇಕು, ಯಾಕೆಂದರೆ ರೋಗಿ ಕೊನೆಗೆ ಹೋಗುವುದು ಮನೆಗೆ. ಆಸ್ಪತ್ರೆಯಲ್ಲಿ ಸಿಸ್ಟರ್ ಮತ್ತು ಸಹಾಯಕರು ಮಾಡುವಾಗ ಮನೆಯವರು ಜೊತೆಗೆ ಕೈಹಚ್ಚಿ ಕಲಿಯಬೇಕು. ಅವರು ಮಾಡುವಾಗ ಸಿಸ್ಟರ್ ದೂರದಿಂದ ನೋಡುವುದಲ್ಲ.

ಹೊರಳಿಸುವುದಕ್ಕೆ ನುರಿತ ಕಣ್ಣು ಯಾಕೆ ಬೇಕು ಎಂಬುದಕ್ಕೆ ಇನ್ನೊಂದು ಪುರಾವೆ ಇದೆ. ಲಕ್ವಾ ಹೊಡೆದ 24 ಗಂಟೆಯೊಳಗೇ ರೋಗಿಗಳನ್ನು ಹೆಚ್ಚು ಹೆಚ್ಚು ಎಬ್ಬಿಸಿ ನಡೆಸಿದರೆ ಬೇಗ ಚೇತರಿಸಿಕೊಂಡಾರು ಎಂದು ಐದು ದೇಶಗಳಲ್ಲಿ 2,104 ಜನರ ಮೇಲೆ ನೋಡಿದಾಗ, 2015ರಲ್ಲಿ ಬಂದ ಫಲಿತಾಂಶ ತದ್ವಿರುದ್ಧ. ಅಷ್ಟು ಆತುರಪಡಿಸಿದವರಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಕಡಿಮೆ. ಮುರಿದ ಬೆನ್ನೆಲುಬನ್ನು ತಿರುಚದೆ ದಿಮ್ಮಿಯಂತೆ ಒಟ್ಟಾಗಿ ಉರುಳಿಸಬೇಕು. ಬಿದ್ದುಹೋದ ಭುಜವನ್ನು ಹಿಡಿದು ಎಳೆದರೆ ಕೀಲು ಜಾರುತ್ತದೆ. ಎಷ್ಟು, ಯಾವಾಗ, ಹೇಗೆ ಎಂಬ ಪ್ರಮಾಣ ಇರುವುದರಿಂದಲೇ ಇದು ಚಿಕಿತ್ಸೆ. ಕೆಲವು ಹುಣ್ಣುಗಳು ಎಷ್ಟು ಮಾಡಿದರೂ ತಪ್ಪುವುದಿಲ್ಲ ಎಂಬುದೂ ನಿಜ. ರಕ್ತದೊತ್ತಡ ಕುಸಿದವರಲ್ಲಿ, ಸಾವಿನ ಹೊಸ್ತಿಲಲ್ಲಿ ಇರುವವರಲ್ಲಿ ಚರ್ಮವೂ ಸೋಲುತ್ತದೆ. ಅದನ್ನು ಒಪ್ಪಿಕೊಳ್ಳೋಣ, ಆದರೆ ಹೊರಳಿಸಿದ ದಾಖಲೆ ಇರುವಲ್ಲಿ ಮಾತ್ರ. ದಾಖಲೆಯೇ ಇಲ್ಲದ ಕಡೆ ಅನಿವಾರ್ಯವಾಗಿತ್ತು ಎನ್ನುವ ಹಕ್ಕು ಯಾರಿಗೂ ಇಲ್ಲ.

ಹಣದ ಮಾತು ಬಂದೇ ಬರುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಂಥ ಯೋಜನೆಗಳಲ್ಲಿ ದುಡ್ಡು ಆಪರೇಶನ್ನಿನ, ಪ್ಯಾಕೇಜಿನ ಹೆಸರಿನಲ್ಲಿ ಹರಿಯುತ್ತದೆ; ಆಪರೇಶನ್ ಆದ ಮೇಲಿನ ಮೂವತ್ತು ರಾತ್ರಿಗಳಿಗೆ ಅಲ್ಲಿ ಹೆಸರಿಲ್ಲ. ಅವಳಿ ನಗರದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ, ಕಲಿತು ಹೊರಬಂದವರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಇಲ್ಲದಿರುವುದು ಮಂಜೂರಾದ ಹುದ್ದೆ. ಹೊರಳಿಸುವ ಕೆಲಸದಲ್ಲಿ ಸಿಸ್ಟರುಗಳ, ಗ್ರೂಪ್ ಡಿ ನೌಕರರ ಬೆನ್ನೂ ಕೆಡುತ್ತದೆ. ಜಾರುಹಾಸು ಮತ್ತು ಎತ್ತರ ಬದಲಿಸಬಹುದಾದ ಮಂಚ ಅವರಿಗಾಗಿಯೂ ಬೇಕು.

ಕೆಲಸ ಶುರುವಾಗಬೇಕಾದ್ದು ಎಣಿಕೆಯಿಂದ. ಭರ್ತಿಯಾದ ಮೇಲೆ ಎಷ್ಟು ರೋಗಿಗಳಿಗೆ ಹುಣ್ಣಾಯಿತು ಎಂಬುದನ್ನು ಸಾವಿರ ರೋಗಿ-ದಿನಗಳಿಗೆ ಇಷ್ಟು ಎಂದು ಲೆಕ್ಕವಿಡಬೇಕೆಂಬುದು ನಮ್ಮ ದೇಶದ ಆಸ್ಪತ್ರೆಗಳ ಗುಣಮಟ್ಟ ಮಂಡಳಿ ಎನ್‌ಎಬಿಎಚ್‌ನ ಸೂಚ್ಯಂಕಗಳಲ್ಲೇ ಇದೆ. ಅದನ್ನು ಪ್ರಮಾಣಪತ್ರಕ್ಕಾಗಿ ಫೈಲಿನಲ್ಲಿ ಇಡುವ ಬದಲು, ಪ್ರತಿ ತಿಂಗಳು ವಾರ್ಡಿನ ಬೋರ್ಡಿನ ಮೇಲೆ, ಜನ ಓದುವಂತೆ ಕನ್ನಡದಲ್ಲಿ ಬರೆಯಬೇಕು. ಹೊರಳಿಸುವ ಚೀಟಿ ಮಂಚಕ್ಕೆ ತೂಗಿರಬೇಕು, ಸಮಯ ಮತ್ತು ಸಹಿಯೊಂದಿಗೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಚರ್ಮದ ಸ್ಥಿತಿಗೆ ಒಂದು ಸಾಲು ಬೇಕು. ಧಾರವಾಡ ತಾಲ್ಲೂಕಿನ ಹೆಬ್ಬಳ್ಳಿಗೋ ನವಲಗುಂದದ ಕಡೆಯ ಹಳ್ಳಿಗೋ ರೋಗಿ ಹೋದ ದಿನವೇ ಅಲ್ಲಿಯ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಬೇಕು. ಇನ್ನೊಂದು ಎಚ್ಚರಿಕೆ ಬೇಕು. ಆಸ್ಪತ್ರೆಯಲ್ಲಿ ಆದ ಆಳದ ಹುಣ್ಣಿನ ಚಿಕಿತ್ಸೆಗೆ ಹೆಚ್ಚಿನ ಹಣ ಕೊಡುವುದಿಲ್ಲ ಎಂದು ಅಮೆರಿಕದ ಮೆಡಿಕೇರ್ 2008ರ ಅಕ್ಟೋಬರಿನಿಂದ ನಿಯಮ ಮಾಡಿತು. ಅಂಥ ಶಿಕ್ಷೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಹುಣ್ಣು ಕಡಿಮೆಯಾಗುವ ಮೊದಲು ದಾಖಲೆ ಕಡಿಮೆಯಾಗುತ್ತದೆ. ನಿಜವಾಗಿ ಎಣಿಸಲು ಶುರುಮಾಡಿದ ವಾರ್ಡಿನ ಅಂಕಿ ಮೊದಲ ತಿಂಗಳುಗಳಲ್ಲಿ ದೊಡ್ಡದಾಗಿಯೇ ಕಾಣುತ್ತದೆ. ಆಗ ಆ ಅಂಕಿ ಹಿಡಿದು ಸಿಸ್ಟರುಗಳಿಗೆ ನೋಟಿಸ್ ಕೊಡಬಾರದು. ಅದೇ ಅಂಕಿಯನ್ನು ಮುಂದಿಟ್ಟು ಆಸ್ಪತ್ರೆಯ ಆಡಳಿತ ಬೆಂಗಳೂರಿನಿಂದ ರಾತ್ರಿಪಾಳಿಯ ಹುದ್ದೆಗಳನ್ನು ಕೇಳಬೇಕು.